ಬೇಣದ ಅಂಚಿನಲ್ಲಿ ಗ್ಲೈಡರ್: ಹಾರುವುದು ಸರಿ, ಇಳಿಯುವಾಗಲೇ ಮುರಿಯುತ್ತದೆ

ಕಡಲಮೂಲೆ, ಕಾರವಾರ

ಎಲ್ಲರಿಗೂ ನಮಸ್ಕಾರ. ಮೊದಲು ಸಮಸ್ಯೆ ಹೇಳಿ ಬಿಡುತ್ತೇನೆ, ಬೈಯುವವರು ಆಮೇಲೆ ಬೈಯಿರಿ.

ಮೋಟಾರ್ ಇಲ್ಲದ ಸ್ಲೋಪ್ ಗ್ಲೈಡರ್ ಒಂದನ್ನು ಮಾಡಿದ್ದೇನೆ, ಅಂದರೆ ಗುಡ್ಡದ ಅಂಚಿನ ಗಾಳಿಯಲ್ಲಿ ರಿಮೋಟ್ ಹಿಡಿದು ಹಾರಿಸುವ ಮಾದರಿ ವಿಮಾನ. ರೆಕ್ಕೆ ತುದಿಯಿಂದ ತುದಿಗೆ 1.2 ಮೀಟರ್, ಅಗಲ 20 ಸೆಂ.ಮೀ. ಹಲಗೆಯ ಹಾಗೆ ನೇರ. ಇಪಿಪಿ ಅನ್ನೋ ಮೆತ್ತನೆ ಫೋಮನ್ನು ನೈಕ್ರೋಮ್ ತಂತಿ ಕಾಯಿಸಿ ಕತ್ತರಿಸಿದ್ದು. ರೆಕ್ಕೆಯ ಅಡ್ಡಸೀಳಿಗೆ ಕ್ಲಾರ್ಕ್ ವೈ ಅನ್ನೋ ಆಕಾರದ ಎರಡು ಅಚ್ಚನ್ನು ಮೈಕಾ ಶೀಟಿನಲ್ಲಿ ಮಾಡಿಕೊಂಡೆ. ಹೆಂಡತಿ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಮೊದಲನೇ ರೆಕ್ಕೆಯಲ್ಲಿ ಅವಳ ಕಡೆ ತಂತಿ ಬೇಗ ಓಡಿತು, ನನ್ನ ಕಡೆ ನಿಂತು ಫೋಮ್ ಕರಗಿತು. ಯಾರ ತಪ್ಪು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಎರಡನೆಯದು ಚೆನ್ನಾಗಿ ಬಂತು.

ಒಳಗೆ 6 ಮಿ.ಮೀ. ಕಾರ್ಬನ್ ಕೊಳವೆ, ಮೇಲೆ ನೂಲಿನ ಟೇಪ್. ಏಲೆರಾನ್‌ಗೆ (ಹೊರಳಿಸುವ ರೆಕ್ಕೆಯ ಪಟ್ಟಿ) ಒಂದು 9 ಗ್ರಾಂ ಸರ್ವೋ, ಅಂದರೆ ಅದನ್ನು ಆಡಿಸುವ ಪುಟ್ಟ ಯಂತ್ರ; ಎಲಿವೇಟರ್‌ಗೆ (ಮೂಗು ಎತ್ತಿ ಇಳಿಸುವ ಬಾಲದ ಪಟ್ಟಿ) ಒಂದು. ಬ್ಯಾಟರಿ ನಾಲ್ಕು ಸಣ್ಣ ಸೆಲ್. ಎಲ್ಲ ಸೇರಿ 390 ಗ್ರಾಂ.

ಗೋಕರ್ಣದ ಮೇಲಿನ ಬೇಣಕ್ಕೆ, ಅಂದರೆ ಗುಡ್ಡದ ತಲೆಯ ಬೋಳು ಬಯಲಿಗೆ, ಮೂರು ಸಲ ಹೋದೆ. ಮೂರೂ ಸಲ ಗಾಳಿಯಲ್ಲಿ ನಿಂತಿತು. ಒಂದು ಸಲ ಇಪ್ಪತ್ತು ನಿಮಿಷ! ಮೂರೂ ಸಲ ಇಳಿಸುವಾಗ ಮುರಿಯಿತು. ಅಂಚಿನಿಂದ ಒಳಗೆ ತಂದ ಕೂಡಲೇ ಯಾರೋ ಕೆಳಗಿನಿಂದ ಕಾಲು ಹಿಡಿದು ಎಳೆದ ಹಾಗೆ ದಬಕ್ಕನೆ ಬೀಳುತ್ತದೆ. ಕೆಳಗೆ ಚಿರೇಕಲ್ಲು. ಮೂಗು ಹೋಗುತ್ತದೆ, ಹೊಟ್ಟೆ ಕಿತ್ತು ಬರುತ್ತದೆ. ಮೂರನೇ ಸಲ ಇನ್ನೊಂದು ವಿಚಿತ್ರ ಆಯಿತು. ವೇಗ ಬರಲಿ ಅಂತ ಸ್ವಲ್ಪ ಮೂಗು ಬಗ್ಗಿಸಿದೆ. ಅದು ಇನ್ನೂ ಬಗ್ಗುತ್ತಾ ಹೋಯಿತು. ಸ್ಟಿಕ್ ಪೂರ್ತಿ ಎಳೆದ ಮೇಲೆ ಹೇಗೋ ಎದ್ದಿತು. ನನ್ನ ಕೈ ಸಂಜೆವರೆಗೂ ನಡುಗುತ್ತಿತ್ತು.

ಎಲ್ಲಿ ತಪ್ಪುತ್ತಿದೆ?

ಫುಲ್ ಥ್ರಾಟಲ್, ಹುಬ್ಬಳ್ಳಿ

ಮೂಗಿಗೆ ಒಂದು ಸಣ್ಣ ಮೋಟಾರ್ ಹಾಕಿ ಸಾರ್. ಬೀಳುತ್ತಿದೆ ಅನಿಸಿದರೆ ಥ್ರಾಟಲ್ ಕೊಟ್ಟು ಎದ್ದು ಹೋಗಬಹುದು. ಮುಗೀತಲ್ವಾ?

ಹಳೇ ಸರ್ವೋ, ಕುಮಟಾ

ಮೋಟಾರ್ ವಿಷಯ ಪಕ್ಕಕ್ಕಿಡಿ. ಚಿರೇಕಲ್ಲಿನ ಮೇಲೆ ಮೂಗು ತಾಗಿದರೆ ಮೊದಲು ಹೋಗುವುದೇ ಮೋಟಾರಿನ ಶಾಫ್ಟ್.

ಕಡಲಮೂಲೆಯವರೇ, ನಿಮಗೆ ಒಂದಲ್ಲ, ಎರಡು ಸಮಸ್ಯೆ ಇದೆ. ಎರಡನ್ನೂ ಒಂದೇ ಅಂದುಕೊಂಡಿದ್ದೀರಿ.

ಮೊದಲನೆಯದು ಜಾಗದ್ದು. ಸಮುದ್ರದ ಗಾಳಿ ಬಂದು ಗುಡ್ಡಕ್ಕೆ ಬಡಿಯುತ್ತದೆ, ಹೋಗಲು ಬೇರೆ ದಾರಿ ಇಲ್ಲದೆ ಮೇಲೇರುತ್ತದೆ. ಗ್ಲೈಡರ್ ನಿಲ್ಲುವುದು ಆ ಏರುವ ಗಾಳಿಯಲ್ಲಿ. ನಿಮ್ಮ ಗ್ಲೈಡರಿನಂಥದ್ದು ಸುಮ್ಮನೆ ತೇಲಿದರೆ ಸೆಕೆಂಡಿಗೆ ಮುಕ್ಕಾಲು ಮೀಟರ್ ಆಚೀಚೆ ಇಳಿಯುತ್ತದೆ. ಸೆಕೆಂಡಿಗೆ 5 ಮೀಟರ್ ಗಾಳಿ 30 ಡಿಗ್ರಿ ಇಳಿಜಾರನ್ನು ಹತ್ತಿದರೆ ಅದರ ಮೇಲ್ಮುಖ ವೇಗವೇ ಎರಡೂವರೆ ಮೀಟರ್ ಹತ್ತಿರ. ಹಾಗಾಗಿ ಹಾರುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಆದರೆ ನಮ್ಮ ಬೇಣದ ಅಂಚು ಹೇಗಿದೆ? ದೋಸೆ ಕಾವಲಿಯ ಅಂಚಲ್ಲ, ಮೆಟ್ಟಿಲಿನ ಅಂಚು. ಮೇಲೆ ಚಪ್ಪಟೆ, ಮುಂದೆ ಕಡಿದು ಬಿಟ್ಟ ಹಾಗೆ. ಮೇಲೆ ಚಿಮ್ಮಿದ ಗಾಳಿಗೆ ತಕ್ಷಣ ತಿರುಗಿ ನೆಲ ಹಿಡಿಯಲು ಆಗುವುದಿಲ್ಲ. ನಡುವೆ ಖಾಲಿ ಉಳಿದ ಜಾಗದಲ್ಲಿ ಗಾಳಿ ಸುರುಳಿ ಸುತ್ತುತ್ತದೆ. ಅದೇ ರೋಟರ್. ಅಲ್ಲಿ ನೆಲದ ಹತ್ತಿರ ಗಾಳಿ ಸಮುದ್ರದ ಕಡೆಗೆ ವಾಪಸ್ ಬೀಸುತ್ತಿರುತ್ತದೆ. ನೀವು ಎದುರು ಗಾಳಿ ಅಂದುಕೊಂಡು ಸಮುದ್ರಕ್ಕೆ ಮೂಗು ಮಾಡಿ ಇಳಿಸುತ್ತೀರಿ. ಕೊನೆಯ ಎರಡು ಮೀಟರಿನಲ್ಲಿ ಅದು ಬೆನ್ನ ಗಾಳಿ ಆಗಿಬಿಡುತ್ತದೆ. ಕಾಲು ಎಳೆದವರು ಇವರೇ.

ಎರಡನೆಯದು, ಮೂಗು ಬಗ್ಗಿದ್ದು. ಸಿ.ಜಿ., ಅಂದರೆ ಬೆರಳ ಮೇಲಿಟ್ಟರೆ ಸಮತೂಕವಾಗಿ ನಿಲ್ಲುವ ಜಾಗ, ಎಲ್ಲಿದೆ ಹೇಳಿ. ರೆಕ್ಕೆಯ ಮುಂದಿನ ಅಂಚಿನಿಂದ ಎಷ್ಟು ಮಿ.ಮೀ.?

ಕಡಲಮೂಲೆ, ಕಾರವಾರ

80 ಮಿ.ಮೀ. ಬೆರಳ ಮೇಲಿಟ್ಟು ನೋಡಿದೆ. ಎಲ್ಲೋ ಓದಿದ್ದೆ, ಹಿಂದಕ್ಕಿದ್ದರೆ ಚುರುಕಾಗಿ ತಿರುಗುತ್ತದೆ ಅಂತ.

ಹಳೇ ಸರ್ವೋ, ಕುಮಟಾ

ಚುರುಕಾಗಿ ತಿರುಗಿ ನೇರ ಕಲ್ಲಿಗೇ ಹೋಗುತ್ತದೆ. 20 ಸೆಂ.ಮೀ. ಅಗಲಕ್ಕೆ 80 ಅಂದರೆ 40 ಶೇಕಡಾ. ತೂಕ ಅಷ್ಟು ಹಿಂದಿದ್ದರೆ ಒಮ್ಮೆ ಬಗ್ಗಿದ ಮೂಗು ತಾನಾಗಿ ಏಳುವುದಿಲ್ಲ. 60ರಿಂದ 65 ಮಿ.ಮೀ. ಒಳಗೆ ಶುರು ಮಾಡಿ.

ಮೂರೂವರೆ ಚಾನೆಲ್, ಹೊನ್ನಾವರ

ಸೀಸ ತರಲು ಓಡಬೇಡಿ, ಒಂದು ನಿಮಿಷ.

ಸಿ.ಜಿ. 80ರಿಂದ 62ಕ್ಕೆ ಬರಬೇಕು, ಅಂದರೆ 18 ಮಿ.ಮೀ. ಗ್ಲೈಡರ್ 390 ಗ್ರಾಂ. ಗುಣಿಸಿದರೆ 7020. ಮೂಗಿನ ತುದಿ ರೆಕ್ಕೆಯಿಂದ 20 ಸೆಂ.ಮೀ. ಮುಂದಿದೆ ಅಂದುಕೊಳ್ಳೋಣ, ಹೊಸ ಸಿ.ಜಿ.ಯಿಂದ 262 ಮಿ.ಮೀ. 7020ನ್ನು 262ರಿಂದ ಭಾಗಿಸಿ. ಸುಮಾರು 27 ಗ್ರಾಂ ಸೀಸ ಬೇಕು.

ಈಗ ಇನ್ನೊಂದು ದಾರಿ. ನಿಮ್ಮ ನಾಲ್ಕು ಸೆಲ್ಲಿನ ತೂಕ ಸುಮಾರು 50 ಗ್ರಾಂ. ಅದನ್ನೇ 14 ಸೆಂ.ಮೀ. ಮುಂದೆ ತಳ್ಳಿದರೆ 50 ಸಲ 140, ಅಂದರೆ 7000. ಅದೇ ಉತ್ತರ! ಒಂದು ಗ್ರಾಂ ಸೀಸವೂ ಬೇಡ. ಬ್ಯಾಟರಿ ಎಲ್ಲಿಟ್ಟಿದ್ದೀರಿ?

ಕಡಲಮೂಲೆ, ಕಾರವಾರ

ರೆಕ್ಕೆಯ ಕೆಳಗೆ. ಅಲ್ಲಿ ಜಾಗ ಇತ್ತು ಅಂತ. 😅

ಗಾಳಿಮರ, ಅಂಕೋಲಾ

ಬ್ಯಾಟರಿ ಮೂಗಿಗೆ ಹೋದರೆ ಬಿದ್ದಾಗ ಅದೇ ಸುತ್ತಿಗೆ ಆಗಿ ಮುಂದಿನ ಫೋಮನ್ನು ಸೀಳುತ್ತದೆ. ಬ್ಯಾಟರಿ ಮುಂದೆ ಎರಡು ಇಂಚು ಮೆತ್ತನೆ ಇಪಿಪಿ ಬಿಡಿ. ಸೂಪರ್ ಗ್ಲೂ ಇಪಿಪಿಗೆ ಹಾಕಬಹುದು. ಬಿಳಿ ಥರ್ಮಾಕೋಲಿಗೆ ಮಾತ್ರ ಹಾಕಬೇಡಿ, ಮಂಜಿನ ಹಾಗೆ ಕರಗಿ ಗುಂಡಿ ಬೀಳುತ್ತದೆ. ಒಂದು ಇಡೀ ಬಾಲ ಹಾಗೆ ಕಳೆದುಕೊಂಡಿದ್ದೇನೆ.

ಅಂದಹಾಗೆ ಕಾರವಾರದಲ್ಲಿದ್ದು ಗೋಕರ್ಣಕ್ಕೆ ಯಾಕೆ ಬರುತ್ತೀರಿ? ಸದಾಶಿವಗಡದ ಗುಡ್ಡ ಮನೆ ಮುಂದೇ ಇದೆಯಲ್ಲ?

ಕಡಲಮೂಲೆ, ಕಾರವಾರ

ಆಸೆ ಇದೆ. ಕಾಳಿ ಸೇತುವೆ ದಾಟುವಾಗಲೆಲ್ಲ ಆ ಗುಡ್ಡ ನೋಡಿ ಹೊಟ್ಟೆ ಉರಿಯುತ್ತದೆ. ಆದರೆ ಈ ಕಡೆ ಕದಂಬ ನೌಕಾನೆಲೆ, ಒಳಗೆ ಹೋದರೆ ಕೈಗಾ ಅಣುಸ್ಥಾವರ. ನಮ್ಮ ತಾಲೂಕಿನಲ್ಲಿ ರಿಮೋಟ್ ಹಿಡಿದು ಆಕಾಶ ನೋಡುತ್ತಾ ನಿಂತರೆ ಯಾರಾದರೂ ಬಂದು ಕೇಳೇ ಕೇಳುತ್ತಾರೆ. ಕೇಳಬೇಕಾದ್ದೇ.

ಹಳೇ ಸರ್ವೋ, ಕುಮಟಾ

ಒಳ್ಳೆಯದು. ಹೊಸಬರಿಗೆ ಇಲ್ಲೇ ಹೇಳಿಬಿಡುತ್ತೇನೆ. 2021ರ ಡ್ರೋನ್ ನಿಯಮ ಒಳಗೆ ಪೈಲಟ್ ಇಲ್ಲದೆ ದೂರದಿಂದ ನಡೆಸುವ ವಿಮಾನಕ್ಕೆಲ್ಲ ಅನ್ವಯ. ಮೋಟಾರ್ ಇಲ್ಲ ಅನ್ನೋದು ನೆಪ ಆಗುವುದಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ಅಂತ ಜಾಗ ಗುರುತಿಸಿದ್ದಾರೆ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಹಸಿರಿನಲ್ಲಿ 400 ಅಡಿವರೆಗೆ ಅವಕಾಶ. ಹೊರಡುವ ದಿನ ಬೆಳಿಗ್ಗೆ ನಕ್ಷೆ ನೋಡಿ, ಬಣ್ಣ ಬದಲಾಗುತ್ತಿರುತ್ತದೆ. ನೋಂದಣಿ ನಿಯಮವನ್ನೂ ಓದಿಕೊಳ್ಳಿ. ಈ ವಿಷಯ ಇಲ್ಲಿಗೆ ಸಾಕು.

ತೋಟದಂಚು, ಶಿರಸಿ

ನಾನು ಈವರೆಗೆ ಸುಮ್ಮನೆ ಓದಿಕೊಂಡಿದ್ದೆ. ಹಾರಿಸಿದ್ದು ಕಮ್ಮಿ, ಮುರಿದಿದ್ದು ಜಾಸ್ತಿ. ಎರಡು ಮಾತು.

ಒಂದು, ಹೊಟ್ಟೆಗೆ ಅಡಿಕೆ ಹಾಳೆ ಹಾಕಿ ನೋಡಿ. ತಮಾಷೆ ಅಲ್ಲ. ಊಟದ ತಟ್ಟೆ ಆಗುತ್ತದೆ, ಟೊಪ್ಪಿ ಆಗುತ್ತದೆ, ನಾವು ಚಿಕ್ಕವರಿದ್ದಾಗ ಅದರ ಮೇಲೆ ಕೂತು ಎಳೆಸಿಕೊಂಡು ಅಂಗಳ ಸುತ್ತುತ್ತಿದ್ದೆವು. ಚಿರೇಕಲ್ಲಿನ ಅಂಗಳವೇ ಅದು. ಚಡ್ಡಿ ಹರಿದರೂ ಹಾಳೆ ಹರಿಯುತ್ತಿರಲಿಲ್ಲ.

ಎರಡು, ರೋಟರ್ ಎಲ್ಲಿದೆ ಅಂತ ಇಲ್ಲಿ ಕೂತು ಯಾಕೆ ಊಹೆ ಮಾಡಬೇಕು? ಅಡಿಕೆ ಕೊಯ್ಯುವ ಉದ್ದ ಕೋಲು, ದೋಟಿ, ಇದೆಯಲ್ಲ. ತುದಿಗೊಂದು, ನಡುವಿಗೊಂದು, ಬುಡಕ್ಕೊಂದು ರಿಬ್ಬನ್ ಕಟ್ಟಿ. ಅಂಚಿನಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋಗಿ. ಯಾವ ರಿಬ್ಬನ್ ಯಾವ ಕಡೆ ಹಾರುತ್ತದೆ ಅಂತ ಬರೆದುಕೊಳ್ಳಿ. ಅಡಿಕೆ ಗೊನೆಗೆ ಕಟ್ಟುವ ಕೊಟ್ಟೆಯ ಪ್ಲಾಸ್ಟಿಕ್ ತೆಳ್ಳಗಿರುತ್ತದೆ, ಸಣ್ಣ ಗಾಳಿಗೂ ಏಳುತ್ತದೆ.

ಹಳೇ ಸರ್ವೋ, ಕುಮಟಾ

ಇಷ್ಟು ವರ್ಷ ಹಾರಿಸಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ. ಭಲೇ.

ಮೂರೂವರೆ ಚಾನೆಲ್, ಹೊನ್ನಾವರ

ಕಾರ್ಬನ್ ಫೈಬರ್ ದೋಟಿ ತರುವುದಾದರೆ ಒಂದು ಎಚ್ಚರಿಕೆ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಲೈನ್ ತಂತಿಯ ಹತ್ತಿರ ಎತ್ತಲೇಬೇಡಿ. ಅದೇ ಕಾರಣಕ್ಕೆ ಇನ್ನೊಂದು: ರಿಸೀವರಿನ ಆಂಟೆನಾವನ್ನು ರೆಕ್ಕೆಯೊಳಗಿನ ಕಾರ್ಬನ್ ಕೊಳವೆಗೆ ತಾಗಿಸಿ ಇಡಬೇಡಿ. 2.4 ಗಿಗಾಹರ್ಟ್ಸ್ ಸಿಗ್ನಲಿಗೆ ಅದು ಗೋಡೆ ಇದ್ದ ಹಾಗೆ. ಕೊನೆಯ 3 ಸೆಂ.ಮೀ. ಫೋಮಿನ ಹೊರಗೆ ಬರಲಿ.

ಗಾಳಿಮರ, ಅಂಕೋಲಾ

ಯಾವ ಹೊತ್ತಿಗೆ ಹೋಗುತ್ತೀರಿ ಅನ್ನೋದೂ ಮುಖ್ಯ. ನಾನೊಮ್ಮೆ ಉತ್ಸಾಹದಲ್ಲಿ ಬೆಳಿಗ್ಗೆ ಎಂಟಕ್ಕೇ ಹೋಗಿ ಅಂಚಿನಲ್ಲಿ ನಿಂತೆ. ಗಾಳಿ ಇತ್ತು. ಎಸೆದೆ. ಕಲ್ಲು ಎಸೆದ ಹಾಗೆ ಕೆಳಗೆ ಹೋಯಿತು. ಆಮೇಲೆ ಗೊತ್ತಾಯಿತು, ಗಾಳಿ ನನ್ನ ಬೆನ್ನಿಗೆ ಬೀಸುತ್ತಿತ್ತು. ರಾತ್ರಿ ನೆಲ ತಣ್ಣಗಾಗಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಇಳಿಯುವ ಗಾಳಿ ಅದು. ನೆಲ ಕಾದು ಗಾಳಿ ತಿರುಗಬೇಕಾದರೆ ಹನ್ನೊಂದು, ಹನ್ನೆರಡು ಆಗುತ್ತದೆ. ಎರಡರಿಂದ ನಾಲ್ಕೂವರೆ ಒಳ್ಳೆಯ ಹೊತ್ತು. ಸೂರ್ಯ ಮುಳುಗುವ ಹೊತ್ತಿಗೆ ಸತ್ತು ಹೋಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಪಡುವಣಕ್ಕಿಂತ ಸ್ವಲ್ಪ ಬಡಗಣಕ್ಕೆ ಮುಖ ಮಾಡಿದ ಇಳಿಜಾರು ಹುಡುಕಿ.

ಗಾಳಿ ಅಳೆಯುವ ಯಂತ್ರ ಬೇಡ. ಸಮುದ್ರ ನೋಡಿ. ಅಲ್ಲಲ್ಲಿ ಬಿಳಿ ನೊರೆ ಏಳಲು ಶುರುವಾದರೆ ಗಂಟೆಗೆ ಹದಿನೈದು ಇಪ್ಪತ್ತು ಕಿ.ಮೀ. ಇದೆ, ಎಸೆಯಬಹುದು. ಎಲ್ಲಿ ನೋಡಿದರೂ ಬಿಳಿ ಅಂದರೆ ಈ 390 ಗ್ರಾಂ ಚೀಲದಲ್ಲೇ ಇರಲಿ.

ಫುಲ್ ಥ್ರಾಟಲ್, ಹುಬ್ಬಳ್ಳಿ

ಈ ರೋಟರ್ ಬಗ್ಗೆ ಇಷ್ಟು ಹೆದರುತ್ತೀರಿ. ಅಮೆರಿಕದಲ್ಲಿ ಬೇಕಂತಲೇ ಗುಡ್ಡದ ಹಿಂದೆ ಹಾರಿಸುತ್ತಾರಲ್ಲ?

ಮೂರೂವರೆ ಚಾನೆಲ್, ಹೊನ್ನಾವರ

ಹೌದು, ಅದು ಡೈನಾಮಿಕ್ ಸೋರಿಂಗ್. ಗುಡ್ಡದ ಮೇಲೆ ಜೋರು ಗಾಳಿ, ಹಿಂದಿನ ಮರೆಯಲ್ಲಿ ನಿಂತ ಗಾಳಿ. ಎರಡರ ನಡುವಿನ ಗಡಿಯನ್ನು ಸುತ್ತು ಹಾಕುತ್ತಾ ದಾಟಿದರೆ ಪ್ರತಿ ಸುತ್ತಿಗೂ ವೇಗ ಸಿಗುತ್ತದೆ. ಹಕ್ಕಿಗಳು ಹೀಗೆ ಗಾಳಿಯ ವೇಗದ ವ್ಯತ್ಯಾಸದಿಂದ ಶಕ್ತಿ ಪಡೆಯಬಹುದು ಅಂತ ಲಾರ್ಡ್ ರೇಲಿ 1883ರಲ್ಲೇ ಬರೆದಿದ್ದರು. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಪೆನ್ಸರ್ ಲಿಸೆನ್ಬಿ ಮೋಟಾರಿಲ್ಲದ ಮಾದರಿಯನ್ನು ಗಂಟೆಗೆ 548 ಮೈಲಿಗೆ ಮುಟ್ಟಿಸಿದರು. 882 ಕಿ.ಮೀ. ಅದು ಗಟ್ಟಿ ಕಾರ್ಬನ್ನಿನ ದೊಡ್ಡ ಗ್ಲೈಡರ್. ನಮ್ಮ ಫೋಮ್ ಅಲ್ಲಿಗೆ ಹೋದರೆ ಮಂಡಕ್ಕಿ ಆಗುತ್ತದೆ.

ಕಡಲಮೂಲೆ, ಕಾರವಾರ

ನನಗೆ 882 ಬೇಡ ಮಾರಾಯ್ರೆ. ಮುರಿಯದೆ ಇಳಿದರೆ ಸಾಕು.

ಕಡಲಮೂಲೆ, ಕಾರವಾರ (ಎಂಟು ದಿನದ ನಂತರ)

ದೋಟಿ ಪರೀಕ್ಷೆ ಆಯಿತು. ಶಿರಸಿಯವರಿಗೆ ಒಂದು ಸಾಷ್ಟಾಂಗ.

ಪರಿಚಯದವರ ತೋಟದಿಂದ ಬಿದಿರಿನ ದೋಟಿ ತಂದೆ, ಸುಮಾರು ಐದು ಮೀಟರ್. ಕೊಟ್ಟೆ ಪ್ಲಾಸ್ಟಿಕ್ ಸೀಳಿ ಮೂರು ಕಡೆ ಕಟ್ಟಿದೆ. ಮಧ್ಯಾಹ್ನ ಮೂರು ಗಂಟೆ, ಸಮುದ್ರದಲ್ಲಿ ಅಲ್ಲಲ್ಲಿ ನೊರೆ. ಅಂಚಿನಲ್ಲಿ ನಿಂತಾಗ ಮೂರೂ ರಿಬ್ಬನ್ ನನ್ನ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ ಹಾರುತ್ತಿದ್ದವು. ನಾಲ್ಕು ಹೆಜ್ಜೆ ಹಿಂದೆ ಬಂದೆ. ಬುಡದ ರಿಬ್ಬನ್ ಸತ್ತ ಹಾವಿನ ಹಾಗೆ ಜೋತುಬಿತ್ತು. ಇನ್ನೂ ಮೂರು ಹೆಜ್ಜೆ. ಬುಡದ್ದು ಎದ್ದು ಸಮುದ್ರದ ಕಡೆಗೆ ತೋರಿಸಿತು! ತುದಿಯದ್ದು ಪಟಪಟ ಅಂತ ಘಟ್ಟದ ಕಡೆಗೆ. ನಡುವಿನದಕ್ಕೆ ಏನು ಮಾಡಬೇಕೋ ಗೊತ್ತಾಗದೆ ದೋಟಿಗೇ ಸುತ್ತಿಕೊಂಡಿತು. ಒಂದೇ ಕೋಲಿನಲ್ಲಿ ಎರಡು ದಿಕ್ಕಿನ ಗಾಳಿ. ಓದಿದಾಗ ಅರ್ಥ ಆಗಿತ್ತು, ಆದರೆ ನೋಡಿದಾಗ ಮೈ ಜುಂ ಅಂದಿತು. ನಾನು ಮೂರು ಸಲ ಇಳಿಸಲು ಹೋಗಿದ್ದು ಸರಿಯಾಗಿ ಅದೇ ಜಾಗಕ್ಕೆ.

ಮೂವತ್ತೈದು ಹೆಜ್ಜೆ ಹಿಂದೆ ಬಂದ ಮೇಲೆ ಮೂರೂ ಮತ್ತೆ ಒಂದೇ ಕಡೆ ತಿರುಗಿದವು.

ಆಮೇಲೆ ಅಂಚಿನುದ್ದಕ್ಕೂ ತೆಂಕಣಕ್ಕೆ ನಡೆದೆ. ಒಂದು ಕಡೆ ಅಂಚು ಕುಸಿದು, ಹುಲ್ಲು ಬೆಳೆದು, ಗುಂಡಗಾಗಿದೆ. ದನ ಇಳಿಯುವ ದಾರಿ. ಅಲ್ಲಿ ಬುಡದ ರಿಬ್ಬನ್ ಎಲ್ಲೂ ಉಲ್ಟಾ ಆಗಲಿಲ್ಲ, ಸ್ವಲ್ಪ ಸೋತಿತು ಅಷ್ಟೇ. ಇನ್ನು ಮೇಲೆ ಇಳಿಸುವುದು ದನದ ದಾರಿಯಲ್ಲಿ.

ನನ್ನನ್ನು ನೋಡಿ ಇಬ್ಬರು ಪ್ರವಾಸಿಗರು ಏನಾದರೂ ಹರಕೆಯೋ ಅಂತ ಕೇಳಿದರು. ಹೌದು ಅಂದೆ.

ಹಳೇ ಸರ್ವೋ, ಕುಮಟಾ

ಸುಳ್ಳೇನಲ್ಲ.

ಈಗ ಇಳಿಸುವ ಕ್ರಮ. ಅಂಚಿಗೆ ಸಮವಾಗಿ, ಸಮುದ್ರದ ಮೇಲೆಯೇ ಹಾರಿಸುತ್ತಾ ಎತ್ತರ ಕಳೆದುಕೊಳ್ಳಿ. ದನದ ದಾರಿಯ ಎದುರಿಗೆ ಬಂದಾಗ ಒಳಗೆ ತಿರುಗಿಸಿ, ಇಳಿಜಾರಿನ ಮೈಗೆ ಸವರುವ ಹಾಗೆ, ಏರುಮುಖವಾಗಿ ಕೂರಿಸಿ. ಬೆನ್ನ ಗಾಳಿ ಇರುತ್ತದೆ, ಆದರೆ ಏರು ಇರುವುದರಿಂದ ವೇಗ ಸಾಯುತ್ತದೆ. ಧೈರ್ಯ ಬರುವವರೆಗೆ ಅರ್ಧ ಓರೆಯಾಗಿ ಬನ್ನಿ. ಆಗಲಿಲ್ಲ ಅನಿಸಿದರೆ ಸಮುದ್ರದ ಕಡೆ ತಿರುಗಿ ಹೊರಟುಬಿಡಿ. ಸಂಶಯ ಬಂದಾಗ ತಿರುಗುವುದು ಯಾವಾಗಲೂ ಸಮುದ್ರಕ್ಕೆ, ಗುಡ್ಡಕ್ಕಲ್ಲ.

ಒಂದೇ ಸರ್ವೋದಲ್ಲಿ ಎರಡು ಏಲೆರಾನ್ ಓಡಿಸುತ್ತಿದ್ದೀರಿ. ಇನ್ನೊಂದು ಸರ್ವೋ ಹಾಕಿ, ಎರಡನ್ನೂ ಬೇರೆ ಬೇರೆ ಚಾನೆಲಿಗೆ ಕೊಡಿ. ಆಗ ಇಳಿಯುವಾಗ ಎರಡೂ ಏಲೆರಾನನ್ನು ಒಟ್ಟಿಗೆ ಮೇಲೆತ್ತಬಹುದು. ರೆಕ್ಕೆಯ ಎತ್ತುವ ಶಕ್ತಿ ಕಮ್ಮಿಯಾಗಿ ತೇಲಾಟ ನಿಲ್ಲುತ್ತದೆ. 12 ಮಿ.ಮೀ. ಎತ್ತಿದರೆ ಸಾಕು. ಜಾಸ್ತಿ ಎತ್ತಿದರೆ ಹೊರಳಿಸಲು ಏಲೆರಾನಿಗೆ ಜಾಗ ಉಳಿಯುವುದಿಲ್ಲ. ಎತ್ತಿದಾಗ ಮೂಗು ಮೇಲೋ ಕೆಳಗೋ ಹೋಗುತ್ತದೆ. ಎತ್ತರದಲ್ಲಿ ಮೊದಲು ನೋಡಿಕೊಂಡು, ಎಲಿವೇಟರ್ ತಾನಾಗಿ ಅದನ್ನು ಸರಿದೂಗಿಸುವ ಹಾಗೆ ರಿಮೋಟಿನಲ್ಲಿ ಮಿಕ್ಸ್ ಹಾಕಿ.

ತೋಟದಂಚು, ಶಿರಸಿ

ಹಾಳೆ ಬೇಕಾದರೆ ಹೇಳಿ, ಕುಮಟಾ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಒಣಗಿದ್ದನ್ನು ಹಾಗೇ ಬಗ್ಗಿಸಿದರೆ ಸೀಳುತ್ತದೆ. ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಿಗ್ಗೆ ಚರ್ಮದ ಹಾಗೆ ಮೆತ್ತಗಾಗಿರುತ್ತದೆ. ಬೇಕಾದ ಆಕಾರಕ್ಕೆ ಕಟ್ಟಿ, ನೆರಳಲ್ಲಿ ಎರಡು ದಿನ ಬಿಡಿ. ಬಿಸಿಲಿಗೆ ಇಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ನಯವಾದ ಒಳಮೈ ನೆಲಕ್ಕೆ ಬರಲಿ, ಎಳೆಗಳು ಉದ್ದುದ್ದ ಇರಲಿ. ಅಡ್ಡ ಹಾಕಿದರೆ ಮೊದಲ ಕಲ್ಲಿಗೇ ಸಿಬಿರು ಏಳುತ್ತದೆ.

ನನ್ನದೊಂದು ಪ್ರಶ್ನೆ. ಶಿರಸಿ ಕಡೆ ಸ್ಲೋಪ್ ಹಾರಿಸಲು ಆಗುತ್ತದಾ? ದೇವಿಮನೆ ಘಟ್ಟ ಪಶ್ಚಿಮಕ್ಕೇ ಮುಖ ಮಾಡಿದೆ.

ಗಾಳಿಮರ, ಅಂಕೋಲಾ

ಮುಖ ಮಾಡಿದೆ, ಆದರೆ ಕಾಲಿಡಲು ಜಾಗ ಎಲ್ಲಿದೆ? ಎಲ್ಲ ಕಾಡು. ಬಿದ್ದರೆ ಮರದ ಮೇಲೆ, ಹುಡುಕಲು ಹೋದರೆ ಉಂಬಳ. ಕಾಡೊಳಗೆ ಹಾಗೆಲ್ಲ ನುಗ್ಗುವಂತೆಯೂ ಇಲ್ಲ. ಸಮುದ್ರದಿಂದ ಬರುವ ಗಾಳಿ ನೀರಿನ ಮೇಲೆ ನಯವಾಗಿ ಜಾರಿಕೊಂಡು ಬಂದಿರುತ್ತದೆ. ಘಟ್ಟ ಮುಟ್ಟುವ ಹೊತ್ತಿಗೆ ನಡುವಿನ ಗುಡ್ಡಗಳಿಗೆಲ್ಲ ಬಡಿದು ಕಲಕಿ ಹೋಗಿರುತ್ತದೆ.

ನಿಮಗೆ ಬೇರೆ ಅನುಕೂಲ ಇದೆ. ಕೊಯ್ಲಾದ ಗದ್ದೆ. ಮೊದಲ ಟ್ರಿಮ್ಮಿಗೆ, ಅಂದರೆ ನೇರ ಹಾರುವ ಹಾಗೆ ಹೊಂದಿಸಿಕೊಳ್ಳಲು, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗಾಳಿ ಇಲ್ಲದ ಬೆಳಿಗ್ಗೆ, ಭುಜದೆತ್ತರದಿಂದ ನೇರ ಎಸೆಯಿರಿ. ಮೂಗೆತ್ತದೆ, ಮುಗ್ಗರಿಸದೆ ಗದ್ದೆ ತುಂಬ ಜಾರಿಕೊಂಡು ಹೋಗಬೇಕು. ಇದಾಗುವವರೆಗೆ ಯಾರೂ ಬೇಣ ಹತ್ತಬೇಡಿ.

ಕಡಲಮೂಲೆ, ಕಾರವಾರ (ಮೂರು ವಾರದ ನಂತರ)

ವರದಿ. ಉದ್ದ ಆಗುತ್ತದೆ, ಕ್ಷಮಿಸಿ.

ಹಾಳೆ ಬಂತು, ನೆನೆಸಿದೆ. ಆಕಾರಕ್ಕೆ ಒಂದು ಲೀಟರ್ ನೀರಿನ ಬಾಟಲಿ ಸಿಕ್ಕಿತು. ಅದಕ್ಕೆ ಸುತ್ತಿ ಸೈಕಲ್ ಟ್ಯೂಬಿನಿಂದ ಬಿಗಿದೆ. ಎರಡು ದಿನ ಅಡುಗೆಮನೆಯಲ್ಲಿ ತೋಟದ ವಾಸನೆ. ಒಣಗಿದ ಮೇಲೆ 22 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ ಕತ್ತರಿಸಿದೆ, ತೂಕ 10 ಗ್ರಾಂ. ಅಂಚನ್ನು ಮರಳು ಕಾಗದದಲ್ಲಿ ತಿಕ್ಕಿ ತೆಳುವಾಗಿಸಿದೆ, ಕಲ್ಲಿಗೆ ಸಿಕ್ಕಬಾರದು ಅಂತ. ಹೊಟ್ಟೆಗೆ ಅಂಟಿಸಲಿಲ್ಲ. ಎರಡು ಬದಿಯ ಟೇಪಿನಲ್ಲಿ ಕೂರಿಸಿ ಸುತ್ತಲೂ ನೂಲಿನ ಟೇಪ್ ಹೊಡೆದೆ. ಹಾಳಾದರೆ ಬದಲಿಸಬಹುದು. ಮೇಲೆ ಒಂದು ಕೈ ವಾರ್ನಿಷ್, ತೇವಕ್ಕೆ ಮತ್ತೆ ಮೆತ್ತಗಾಗಬಾರದಲ್ಲ.

ಬ್ಯಾಟರಿ ಮೂಗಿಗೆ ಹೋಯಿತು, ಮುಂದೆ ಮೆತ್ತನೆ ಫೋಮ್. ಎರಡನೇ ಸರ್ವೋ ಮತ್ತು ವಯರ್ 12 ಗ್ರಾಂ. ಒಟ್ಟು 412 ಗ್ರಾಂ. ಸಿ.ಜಿ. 63ಕ್ಕೆ ಬಂತು.

ಗದ್ದೆಯಲ್ಲಿ ಎಸೆದು ನೋಡಿದೆ, ಜಾರಿತು. ಭಾನುವಾರ ಬೇಣಕ್ಕೆ ಹೋದೆ. ಎತ್ತರಕ್ಕೆ ಒಯ್ದು 45 ಡಿಗ್ರಿ ಮೂಗು ಬಗ್ಗಿಸಿ ಸ್ಟಿಕ್ ಬಿಟ್ಟೆ. ಜೀವ ಬಾಯಿಗೆ ಬಂದಿತ್ತು. ಒಂದು, ಎರಡು ಎಣಿಸುವಷ್ಟರಲ್ಲಿ ತಾನಾಗಿಯೇ, ನಿಧಾನಕ್ಕೆ, ಮೂಗೆತ್ತಿತು. ಯಾರೂ ಹೇಳಿಕೊಡದೆ ಮಗು ಎದ್ದು ನಿಂತ ಹಾಗೆ.

ಐವತ್ತು ನಿಮಿಷ ಹಾರಿಸಿದೆ. ಒಂದು ಗರುಡ ಬಂತು. ಮೊದಲು ಜೊತೆಗೆ ಹಾರಿತು, ಆಮೇಲೆ ಮೇಲಿನಿಂದ ಕಾಲು ಚಾಚಿ ಎರಡು ಸಲ ಎರಗಿತು. ತಕ್ಷಣ ಅದರ ದಾರಿ ಬಿಟ್ಟು ದೂರ ಹೋದೆ. ಗೂಡು ಹತ್ತಿರ ಇರಬೇಕು.

ಇಳಿಸಿದ್ದು ದನದ ದಾರಿಯಲ್ಲಿ. ಏಲೆರಾನ್ ಎರಡೂ ಮೇಲೆ. ಕೊನೆಯಲ್ಲಿ ಸ್ವಲ್ಪ ಉದ್ದ ಆಗಿ ಹುಲ್ಲು ದಾಟಿ ಚಿರೇಕಲ್ಲಿಗೇ ಬಂತು. ಸರ್ರ್ ಅಂತ ಶಬ್ದ. ಮೂರು ನಾಲ್ಕು ಮೀಟರ್ ಜಾರಿ ನಿಂತಿತು. ಓಡಿ ಹೋಗಿ ತಿರುಗಿಸಿ ನೋಡಿದರೆ ಹಾಳೆಯ ಮೇಲೆ ಎರಡು ಬಿಳಿ ಗೀರು. ಅಷ್ಟೇ!

ತೋಟದಂಚು, ಶಿರಸಿ

ಹಾಳೆ ಇನ್ನೂ ಆರು ಇದೆ. 🙂

ಹಳೇ ಸರ್ವೋ, ಕುಮಟಾ

ಸಂತೋಷ. ಗರುಡದ ವಿಷಯ ನೀವು ಮಾಡಿದ್ದೇ ಸರಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅವುಗಳ ಮರಿ ಮಾಡುವ ಕಾಲ. ಎರಗಲು ಶುರು ಮಾಡಿದರೆ ಆ ದಿನ ಜಾಗ ಬದಲಿಸಿ, ಆಟ ಆಡಬೇಡಿ.

ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೀರಾ? ಉಪ್ಪು ಕಣ್ಣಿಗೆ ಕಾಣುವುದಿಲ್ಲ. ಸರ್ವೋ ಸ್ಕ್ರೂ, ತಂತಿ, ಬ್ಯಾಟರಿ ಪಿನ್ ಎಲ್ಲ ಎರಡು ತಿಂಗಳಲ್ಲಿ ತುಕ್ಕೋ ಹಸಿರೋ ಹಿಡಿಯುತ್ತವೆ. ಸರ್ವೋ ಸುಮ್ಮನಿದ್ದಾಗಲೂ ಗುಟುಗುಟು ನಡುಗಲು ಶುರುಮಾಡಿದರೆ ಹಾರಿಸದೆ ಬದಲಿಸಿ.

ಫುಲ್ ಥ್ರಾಟಲ್, ಹುಬ್ಬಳ್ಳಿ

ಒಪ್ಪಿದೆ. ಮೋಟಾರ್ ಬೇಡ. ಆದರೆ ಗಾಳಿ ಜೋರಿರುವ ದಿನ ಏನು ಮಾಡುತ್ತೀರಿ? ಹಿಂದಕ್ಕೆ ಹೋಗುವುದಿಲ್ಲವಾ?

ಮೂರೂವರೆ ಚಾನೆಲ್, ಹೊನ್ನಾವರ

ಹೋಗುತ್ತದೆ. ಈಗ ರೆಕ್ಕೆಯ ವಿಸ್ತೀರ್ಣ 24 ಚದರ ಡೆಸಿಮೀಟರ್. 412 ಗ್ರಾಂ ಅಂದರೆ ಚದರ ಡೆಸಿಮೀಟರಿಗೆ 17 ಗ್ರಾಂ. ಆರಾಮಾಗಿ ತೇಲುವ ವೇಗ ಗಂಟೆಗೆ 25 ಕಿ.ಮೀ. ಆಸುಪಾಸು. ಗಾಳಿಯೇ 28, 30 ಆದರೆ ಮೂಗು ತಗ್ಗಿಸಿ ವೇಗ ತೆಗೆಯಬೇಕು, ಇಲ್ಲವಾದರೆ ಹಿಮ್ಮುಖ ನಡೆದು ನಿಮ್ಮ ತಲೆಯ ಮೇಲೆ ಹಾದು ರೋಟರಿಗೆ ಬೀಳುತ್ತದೆ.

ಅದಕ್ಕೇ ಬಲ್ಲಾಸ್ಟ್, ಅಂದರೆ ಬೇಕಂತಲೇ ಸೇರಿಸುವ ತೂಕ. ಮೀನು ಬಲೆಗೆ ಕಟ್ಟುವ ಸೀಸದ ಗುಂಡು ಕಾರವಾರದಲ್ಲಿ ಸಿಗುತ್ತದೆ. 160 ಗ್ರಾಂ ಆಗುವಷ್ಟನ್ನು ಒಂದು ಕೊಳವೆಯಲ್ಲಿ ತುಂಬಿ, ಅಲುಗದ ಹಾಗೆ ಹತ್ತಿ ತುರುಕಿ, ಸರಿಯಾಗಿ ಸಿ.ಜಿ. ಮೇಲೆ ಕೂರಿಸಿ. ತೂಕ 572 ಆಗುತ್ತದೆ. ವೇಗ ತೂಕದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಎಲ್ಲ ಸುಮಾರು 18 ಶೇಕಡಾ ಚುರುಕು. ಇಳಿಯುವ ವೇಗವೂ ಸೇರಿ, ಮರೆಯಬೇಡಿ. ಸೀಸ ಮುಟ್ಟಿದ ಕೈಯಲ್ಲಿ ಊಟ ಬೇಡ.

ಗಾಳಿಮರ, ಅಂಕೋಲಾ

ಬಲ್ಲಾಸ್ಟ್ ಇಲ್ಲದೆ ಹಾರಿಸಿ ನನ್ನದು ಹಿಮ್ಮುಖ ಹೋಗಿ ಗಾಳಿಮರದ ತುದಿಯಲ್ಲಿ ಕೂತಿತ್ತು. ಹನ್ನೊಂದು ದಿನ. ದೋಟಿಗೆ ಎಟುಕಲಿಲ್ಲ. ಹನ್ನೆರಡನೇ ದಿನ ಅದಾಗಿಯೇ ಬಿತ್ತು, ರೆಕ್ಕೆಯಲ್ಲಿ ಕಾಗೆ ಗೂಡಿಗೆ ಫೋಮ್ ಕಿತ್ತ ಗುರುತು. ನನ್ನ ಹೆಸರು ಅಲ್ಲಿಂದಲೇ ಬಂದಿದ್ದು.

ಕಡಲಮೂಲೆ, ಕಾರವಾರ (ಆರು ದಿನದ ನಂತರ)

ಬಲ್ಲಾಸ್ಟ್ ಹಾಕಿ ಹಾರಿಸಿದೆ. ಬೇರೆ ವಿಮಾನವೇ ಆಯಿತು, ಗಾಳಿ ಸೀಳಿಕೊಂಡು ಹೋಗುತ್ತದೆ. ಆದರೆ ಜೋರಾಗಿ ಇಳಿಸಿದಾಗ ಬಾಲದ ಕಡೆಯಿಂದ ಬರ್ರ್ ಅಂತ ಶಬ್ದ ಬಂತು, ದುಂಬಿ ಡಬ್ಬಿಯಲ್ಲಿ ಸಿಕ್ಕ ಹಾಗೆ. ವೇಗ ಕಮ್ಮಿ ಮಾಡಿದ ಕೂಡಲೇ ನಿಂತಿತು. ಇಳಿಸಿ ನೋಡಿದೆ, ಏನೂ ಮುರಿದಿಲ್ಲ. ಎಲಿವೇಟರನ್ನು ಬೆರಳಲ್ಲಿ ಅಲ್ಲಾಡಿಸಿದರೆ ಮೂರು ಮಿ.ಮೀ. ಆಡುತ್ತದೆ.

ಹಳೇ ಸರ್ವೋ, ಕುಮಟಾ

ಫ್ಲಟರ್. ಎಲಿವೇಟರ್ ಬಾವುಟದ ಹಾಗೆ ಬಡಿದುಕೊಳ್ಳುತ್ತಿದೆ. ಸರಿ ಮಾಡುವವರೆಗೆ ವೇಗ ಬೇಡ, ಒಂದೇ ಸೆಕೆಂಡಿನಲ್ಲಿ ಬಾಲ ಕಿತ್ತು ಹೋಗಬಹುದು.

ಸರ್ವೋ ತೋಳನ್ನು ಗಟ್ಟಿಯಾಗಿ ಹಿಡಿದು ಎಲಿವೇಟರ್ ಒತ್ತಿ. ಆಗಲೂ ಆಡಿದರೆ ತಪ್ಪು ಸರ್ವೋದಿಂದ ಎಲಿವೇಟರಿಗೆ ಹೋಗುವ ತಂತಿಯದ್ದು. ಉದ್ದ ತಂತಿ ನಡುವೆ ಬಿಲ್ಲಿನ ಹಾಗೆ ಬಗ್ಗುತ್ತಿರುತ್ತದೆ. ಎಷ್ಟು ದಪ್ಪದ್ದು ಹಾಕಿದ್ದೀರಿ, ನಡುವೆ ಎಷ್ಟು ಕಡೆ ಹಿಡಿದಿದ್ದೀರಿ?

ಕಡಲಮೂಲೆ, ಕಾರವಾರ

1 ಮಿ.ಮೀ. ತಂತಿ. ನಡುವೆ ಎಲ್ಲೂ ಹಿಡಿದಿಲ್ಲ. ತೋಳು ಹಿಡಿದು ಒತ್ತಿದೆ, ಕಣ್ಣೆದುರೇ ಬಿಲ್ಲಾಗುತ್ತದೆ.

ಹಳೇ ಸರ್ವೋ, ಕುಮಟಾ

ಖಾಲಿ ಬಾಲ್ ಪೆನ್ ರೀಫಿಲ್ ತೊಳೆದು, 2 ಸೆಂ.ಮೀ. ತುಂಡು ಮಾಡಿ, ಪ್ರತಿ 8 ಸೆಂ.ಮೀ.ಗೆ ಒಂದರಂತೆ ಫೋಮಿಗೆ ಅಂಟಿಸಿ, ತಂತಿಯನ್ನು ಅದರೊಳಗೆ ಓಡಿಸಿ. ಅಂಟು ತಂತಿಗೆ ತಾಗದಿರಲಿ. ಎಲಿವೇಟರಿನಲ್ಲಿ ತಂತಿ ಸಿಕ್ಕಿಸುವ ಕೊಂಬಿನ ರಂಧ್ರ ಸಡಿಲ ಆಗಿದ್ದರೆ ಅದನ್ನೂ ಬದಲಿಸಿ. ಬರುವ ಭಾನುವಾರ ನಾನೂ ಬೇಣಕ್ಕೆ ಬರುತ್ತೇನೆ, ಎರಡೂವರೆಗೆ.

ತೋಟದಂಚು, ಶಿರಸಿ

ನಾನೂ ಬರುತ್ತೇನೆ. ದೋಟಿ ಬಸ್ಸಿನ ಮೇಲೆ ಹಾಕಲು ಕಂಡಕ್ಟರ್ ಬಿಡುತ್ತಾರೋ ಇಲ್ಲವೋ ನೋಡಬೇಕು.